ಖಾಲಾ ತಂದ ಬಿಳಿ ಬಟ್ಟೆ

ನಮ್ಮ ಖಾಲಾ ನಿಮ್ಮ ಮನೆಗೆ ಬಂದರೆ ಮೊದಲು ನಿಮ್ಮ ಮುಖ ನೋಡುವುದಿಲ್ಲ, ಚಾವಣಿ ನೋಡುತ್ತಾರೆ. ಆಮೇಲೆ ಗೋಡೆ. ಅದೂ ಆದ ಮೇಲೆ ನೀವು ಉಟ್ಟ ಬಟ್ಟೆ. ಕೊಟ್ಟ ಚಹಾ ಕುಡಿದು ಮುಗಿಸುವಷ್ಟರಲ್ಲಿ ನಿಮ್ಮ ಮನೆಯ ಯಾವ ಮೂಲೆಯಲ್ಲಿ ಕುಳಿತರೆ ನೀವು ಚೆಂದ, ಯಾವ ಮೂಲೆಯಲ್ಲಿ ಕುಳಿತರೆ ಪೊಲೀಸರು ಹುಡುಕುತ್ತಿರುವ ಆಸಾಮಿ ಎಂಬುದು ಅವರಿಗೆ ಗೊತ್ತಾಗಿರುತ್ತದೆ. ಗೊತ್ತಾದದ್ದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುವ ಅಭ್ಯಾಸ ಅವರಿಗೆ ಹುಟ್ಟಿನಿಂದಲೇ ಬಂದಿಲ್ಲ.

ಒಮ್ಮೆ ನಮ್ಮ ಶಾಲೆಯ ಹೆಡ್‌ಮಾಸ್ತರರ ಮನೆಗೆ ಅವರನ್ನು ಕರೆದುಕೊಂಡು ಹೋಗಿದ್ದೆ. ಹೆಡ್‌ಮಾಸ್ತರರೆಂದರೆ ನಾವೆಲ್ಲ ಎದ್ದು ನಿಲ್ಲುವವರು. ಖಾಲಾ ಸುತ್ತ ಕಣ್ಣಾಡಿಸಿ, "ಸರ, ಆ ಕುರ್ಚಿ ಮ್ಯಾಲ ಕುಂದರಬ್ಯಾಡ್ರಿ. ಅಲ್ಲಿ ಕುಂತರ ನಿಮ್ಮ ಕಣ್ಣs ಕಾಣಂಗಿಲ್ಲ, ಬರೇ ಎರಡು ಕುಣಿ ಕಾಣತಾವ" ಎಂದರು. ನಾನು ನೆಲ ಬಾಯಿಬಿಡಬಾರದೇ ಅಂದುಕೊಂಡೆ. ಹೆಡ್‌ಮಾಸ್ತರರು ಬೆಚ್ಚಿ ಎದ್ದು ಸೋಫಾಕ್ಕೆ ಹೋದರು. ಆ ಕುರ್ಚಿಯ ಮೇಲೆ ಈಗ ಇಸ್ತ್ರಿಯ ಬಟ್ಟೆ ಇಡುತ್ತಾರಂತೆ.

ಖಾಲಾ ನನಗೆ ಸಂಬಂಧಿಕರಲ್ಲ. ದಖನಿ ಮಾತಿನಲ್ಲಿ ಖಾಲಾ ಅಂದರೆ ತಾಯಿಯ ಸೋದರಿ. ನಮ್ಮ ಓಣಿಯಲ್ಲಿ ಹಿಂದೂ, ಮುಸ್ಲಿಂ, ತರಕಾರಿ ಗಾಡಿಯವನು, ಎಲ್ಲರಿಗೂ ಅವರು ಖಾಲಾನೇ. ನಾನು ರಾಯಚೂರಿಗೆ ಟೀಚರಾಗಿ ಬಂದಾಗಿನಿಂದ ಅವರ ಮಾಳಿಗೆ ಮನೆಯಲ್ಲಿ ಬಾಡಿಗೆಗೆ ಇದ್ದೇನೆ. ಅವರ ಗಂಡ ಫೋಟೋ ಸ್ಟುಡಿಯೋ ಇಟ್ಟಿದ್ದರು. ಗೋಷಾ ಇರುವ ಹೆಣ್ಣುಮಕ್ಕಳು ಅವರೆದುರು ಮುಖ ತೋರಿಸುತ್ತಿರಲಿಲ್ಲ. ಅದಕ್ಕೆ ಅವರು ಹೆಂಡತಿಗೇ ಕ್ಯಾಮೆರಾ ಹಿಡಿಯಲು ಕಲಿಸಿದರು. ಗಂಡ ತೀರಿಕೊಂಡರು, ಸ್ಟುಡಿಯೋ ಮೊಬೈಲ್ ಅಂಗಡಿಯಾಯಿತು, ಆದರೆ ಖಾಲಾ ಕ್ಯಾಮೆರಾ ಕೆಳಗಿಡಲಿಲ್ಲ. ಮದುವೆಗಳಲ್ಲಿ ಹೆಂಗಸರ ಕಡೆಯ ಫೋಟೋ ಇವತ್ತಿಗೂ ಅವರದೇ. ಅವರ ಆಸ್ತಿ ಎಂದರೆ ಒಂದು ಕ್ಯಾಮೆರಾ, ಕತ್ತು ತಿರುಗಿಸಬಹುದಾದ ಒಂದು ಹಳೆಯ ಫ್ಲ್ಯಾಶು, ಒಂದು ಬಿಳಿ ಚಾದರ, ಮತ್ತು ಯಾರಿಗೂ ಬಗ್ಗದ ನಾಲಿಗೆ.

ಫ್ಲ್ಯಾಶನ್ನು ಮುಖಕ್ಕೆ ನೇರವಾಗಿ ಹೊಡೆಯುವುದು ಅವರ ಪಾಲಿಗೆ ಮಹಾಪಾಪ. "ಮಾರಿಗೆ ಸೀದಾ ಬೆಳಕು ಹೊಡೆಯೋದು ಅಂದ್ರ ಕಪಾಳಕ್ಕ ಹೊಡದಂಗ. ಹೊಡದು ಮ್ಯಾಲ ನಗು ಅಂತಾರ. ಹೆಂಗ ನಗಬೇಕು ಅದು?" ಎನ್ನುತ್ತಾರೆ. ಅವರು ಫ್ಲ್ಯಾಶಿನ ಕತ್ತು ತಿರುವಿ ಬೆಳಕನ್ನು ಚಾವಣಿಗೋ ಗೋಡೆಗೋ ಹೊಡೆಯುತ್ತಾರೆ. ಗೋಡೆಗೆ ಬಡಿದ ಬೆಳಕು ಅಗಲವಾಗಿ, ಮೆತ್ತಗಾಗಿ, ತಿರುಗಿ ಬಂದು ಮುಖದ ಮೇಲೆ ಕೂರುತ್ತದೆ. "ಬೆಳಕು ಸಣ್ಣದಿದ್ದರ ಚುಚ್ಚತದ, ದೊಡ್ಡದಿದ್ದರ ಸವರತದ. ಇಷ್ಟs ಟೀಚರಮ್ಮ, ಇದರಾಗ ಮತ್ತೇನಿಲ್ಲ." ಕೇಳಲು ಎಷ್ಟು ಸರಳ! ಆದರೆ ಈ ವಿದ್ಯೆಗೆ ಸುತ್ತಮುತ್ತ ಏನಾದರೂ ಬಿಳಿಯದು ಇರಬೇಕು. ಇಲ್ಲದಿದ್ದರೆ ಖಾಲಾ ಅದನ್ನು ಎಲ್ಲಿಂದಲಾದರೂ ಎಳೆದು ತರುತ್ತಾರೆ. ಊರಿಗೆ ಊರೇ ಗಾಬರಿಯಾಗುವುದು ಆಗಲೇ.

ಮೊದಲು ಗಾಬರಿಯಾದವಳು ನಾನೇ. ಮನೆ ಬಾಡಿಗೆಗೆ ಕೇಳಲು ಹೋದಾಗ ಅವರು ನನ್ನ ಊರು ಕೇಳಲಿಲ್ಲ, ಜಾತಿ ಕೇಳಲಿಲ್ಲ. "ಗ್ವಾಡಿಗೆ ಬಣ್ಣ ಹಚ್ಚಬಾರದು. ಬಿಳೇ ಇರಬೇಕು. ಮೊಳಿ ಹೊಡಿಬಾರದು. ಕ್ಯಾಲೆಂಡರ್ ಬ್ಯಾಡ" ಎಂದರು. ಎಷ್ಟು ಅಚ್ಚುಕಟ್ಟಿನ ಹೆಂಗಸು ಎಂದುಕೊಂಡು ಒಪ್ಪಿದೆ. ಒಂದು ಸಂಜೆ ಶಾಲೆಯಿಂದ ಬಂದು ಬಾಗಿಲು ತೆಗೆದರೆ ನನ್ನ ಅಡುಗೆಮನೆಯಲ್ಲಿ ಒಬ್ಬ ಮದುಮಗಳು ಕುಳಿತಿದ್ದಳು! ಮೈತುಂಬ ಜರಿ, ಮೂಗಿನಲ್ಲಿ ನತ್ತು, ಪಕ್ಕದಲ್ಲಿ ನನ್ನ ಕುಕ್ಕರು. ಮನೆ ತಪ್ಪಿ ಬಂದೆನೇ ಎಂದು ಹೊರಗೆ ಹೋಗಿ ಬಾಗಿಲು ನೋಡಿ ಬಂದೆ.

"ಅರೇ, ಬರ್ರಿ ಟೀಚರಮ್ಮ" ಎಂದರು ಖಾಲಾ ಒಳಗಿನಿಂದ. "ನಿಮ್ಮ ಫ್ರಿಜ್ಜು ಭಾಳ ಚೊಲೋ ಅದರಿ."

ನನ್ನ ಬಿಳಿ ಫ್ರಿಜ್ಜಿಗೆ ಬೆಳಕು ಹೊಡೆದರೆ ಹುಡುಗಿಯ ಎಡಗೆನ್ನೆ ಹೂವಿನಂತಾಗುತ್ತದಂತೆ. ಆಮೇಲಿಂದ ನನ್ನ ಫ್ರಿಜ್ಜಿನ ಮುಂದೆ ಎಷ್ಟು ಮದುಮಕ್ಕಳು ಕುಳಿತರೋ ದೇವರೇ ಬಲ್ಲ. ಎರಡನೆಯ ಬೀಗದ ಕೈ ಅವರ ಹತ್ತಿರವೇ ಇತ್ತು. ಹೇಗೂ ಮನೆ ಅವರದೇ. ನನ್ನ ಮೊಸರಿನ ಡಬ್ಬಿಯ ಬಿಳಿ ಮುಚ್ಚಳವೂ ಒಂದು ದಿನ ಕಾಣೆಯಾಯಿತು. ಹುಡುಕಿದರೆ ಅದು ರಬ್ಬರ್ ಬ್ಯಾಂಡ್ ಬಿಗಿಸಿಕೊಂಡು ಫ್ಲ್ಯಾಶಿನ ಮೂತಿಯ ಮೇಲೆ ಕುಳಿತಿತ್ತು. "ಮೊಸರು ಮುಚ್ಚಾಕ ತಾಟು ಸಾಕಾಗಂಗಿಲ್ಲೇನು?" ಎಂದು ನನಗೇ ದಬಾಯಿಸಿದರು. ತಪ್ಪು ನನ್ನದೇ ಎನಿಸಿ ಮೊಸರಿಗೆ ತಾಟು ಮುಚ್ಚಿದೆ.

ಇನ್ನು ಮಾನ್ವಿಯ ಆ ಮದುವೆ. ಅದು ನನ್ನ ಸಹೋದ್ಯೋಗಿಯೊಬ್ಬರ ಮಗಳದ್ದು, ಮದುಮಗಳ ಫೋಟೋಕ್ಕೆ ಖಾಲಾರನ್ನು ಗೊತ್ತುಮಾಡಿಕೊಟ್ಟವಳು ನಾನು. ನನ್ನ ಸ್ಕೂಟಿಯ ಹಿಂದೆ ಕುಳಿತು ಫ್ಲ್ಯಾಶನ್ನು ಮಗುವಿನಂತೆ ಎದೆಗೆ ಅವಚಿಕೊಂಡು ಬಂದರು. ಕಲ್ಯಾಣ ಮಂಟಪದ ಒಳಗೆ ಕಾಲಿಟ್ಟು ತಲೆ ಎತ್ತಿದವರೇ ಅಲ್ಲೇ ನಿಂತುಬಿಟ್ಟರು. ಗೋಡೆ, ಚಾವಣಿ, ಕಂಬ, ಎಲ್ಲ ಗಿಣಿ ಹಸಿರು! ಹಸಿರು ಗೋಡೆಗೆ ಹೊಡೆದ ಬೆಳಕು ಹಸಿರಾಗಿಯೇ ವಾಪಸು ಬರುತ್ತದೆ ತಾನೇ?

"ಇಲ್ಲಿ ತಗದರ ಹುಡುಗಿ ಹೆಸರುಕಾಳು ಆಗತಾಳ" ಎಂದರು ಖಾಲಾ. ಚಾದರ ತೆಗೆಯಲು ಚೀಲಕ್ಕೆ ಕೈ ಹಾಕಿದರು. ಹಿಂದಿನ ದಿನ ಬೇರೊಂದು ಮನೆಯ ಅರಿಶಿನ ಶಾಸ್ತ್ರದಲ್ಲಿ ಯಾರೋ ಅದಕ್ಕೆ ಕೈ ಒರೆಸಿದ್ದರು. ಅಂಗೈ ಗುರುತುಗಳ ಸಮೇತ ಅದು ಹಳದಿಯಾಗಿತ್ತು. ಖಾಲಾರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಅಷ್ಟರಲ್ಲಿ ಅವರ ಕಣ್ಣು ಮುಂದಿನ ಸಾಲಿನ ಮೇಲೆ ಬಿತ್ತು. ಬೀಗರ ಕಡೆಯ ಹಿರಿಯರು, ಇಸ್ತ್ರಿ ಮಾಡಿದ ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೊಪ್ಪಿಗೆಯಲ್ಲಿ ಸಾಲಾಗಿ ಕುಳಿತಿದ್ದರು. ಖಾಲಾ ಹೋಗಿ ಕೈ ಮುಗಿದರು. "ಯಪ್ಪಾ, ಒಂದೀಟು ಎದ್ದು ಬರ್ರಿ. ಇಲ್ಲಿ ಒತ್ತಟ್ಟಿಗೆ ನಿಂದರ್ರಿ. ಎದಿ ಉಬ್ಬಿಸಿ ನಿಂದರ್ರಿ, ಹಾಂ."

ಹಿರಿಯರು ಸಂಭ್ರಮದಿಂದ ಎದ್ದರು. ಮೀಸೆ ತಿರುವಿದರು, ಟೊಪ್ಪಿಗೆ ಸರಿಮಾಡಿಕೊಂಡರು, ಎಲೆ ಅಡಿಕೆ ಉಗುಳಿ ಬಂದರು. ಖಾಲಾ ಅವರನ್ನು ಒಬ್ಬರ ಭುಜಕ್ಕೆ ಒಬ್ಬರು ತಾಗುವಂತೆ ಗೋಡೆ ಕಟ್ಟಿದಂತೆ ನಿಲ್ಲಿಸಿದರು. ಆಮೇಲೆ ಅವರಿಗೆ ಬೆನ್ನು ತಿರುಗಿಸಿ ಕ್ಯಾಮೆರಾವನ್ನು ಮದುಮಗಳ ಕಡೆಗೆ ಹಿಡಿದರು, ಫ್ಲ್ಯಾಶಿನ ಕತ್ತನ್ನು ಮಾತ್ರ ಹಿರಿಯರ ಕಡೆಗೆ ತಿರುವಿ ಒತ್ತಿಯೇ ಒತ್ತಿದರು. ಒತ್ತಿದಾಗಲೆಲ್ಲ ಹಿರಿಯರು ಗಂಭೀರವಾಗಿ ಭಂಗಿ ಬದಲಿಸಿದರು. ಹುಡುಗಿ ಮಾತ್ರ ಎಷ್ಟು ಚೆಂದ ಬಂದಳೆಂದರೆ ಅವಳ ತಾಯಿ ಫೋಟೋ ನೋಡಿ ದೃಷ್ಟಿ ತೆಗೆದರು.

ವಾರ ಕಳೆದ ಮೇಲೆ ಆ ಹಿರಿಯರಲ್ಲೊಬ್ಬರು ಮಾನ್ವಿಯಿಂದ ಬಸ್ಸು ಹತ್ತಿ ರಾಯಚೂರಿಗೆ ಬಂದು ಖಾಲಾರ ಕಟ್ಟೆಯ ಮೇಲೆ ಕುಳಿತರು. "ಎಲ್ಲಾ ನೋಡಿದೆವಮ್ಮ. ಒಂದರಾಗೂ ನಾವಿಲ್ಲಲ್ಲ. ನಮ್ಮ ಫೋಟೋ ಎಲ್ಲಿ?"

ಖಾಲಾ ಒಂದಿಷ್ಟೂ ಹಿಂಜರಿಯಲಿಲ್ಲ. "ನೀವು ಫೋಟೋದಾಗ ಇಲ್ಲ ಯಪ್ಪಾ. ಆ ಹುಡುಗಿ ಮಾರಿ ಮ್ಯಾಲ ಬೆಳಕು ಅದ ನೋಡ್ರಿ, ಅದು ನೀವು."

ಆ ಯಜಮಾನರು ಚಹಾ ಕುಡಿದು ಹೋದರು. ಸಿಟ್ಟಾದರೋ ಸಂತೋಷಪಟ್ಟರೋ ನನಗೆ ಇಂದಿಗೂ ತಿಳಿಯದು.

ಇಂಥವರನ್ನು ನಮ್ಮ ಅಜ್ಜಿಯ ಬಳಿಗೆ ಕರೆದುಕೊಂಡು ಹೋಗುವ ಗಂಡಾಂತರಕ್ಕೆ ನಾನೇಕೆ ಕೈ ಹಾಕಿದೆ ಎಂದು ಕೇಳುತ್ತೀರಾ? ಅದಕ್ಕೆ ಕಾರಣವಿತ್ತು.

ಅಜ್ಜಿ ಇರುವುದು ದೇವದುರ್ಗದಾಚೆ ಮಸರಕಲ್ಲಿನಲ್ಲಿ, ಕುರಿ ಸಾಕಿರುವ ನಮ್ಮ ಚಿಕ್ಕಪ್ಪನ ಮನೆಯಲ್ಲಿ. ಎಂಬತ್ತು ದಾಟಿದೆ, ಆದರೆ ಬಾಯಿ ಇನ್ನೂ ಹದಿನೆಂಟರದ್ದು. ಅಂಥ ಅಜ್ಜಿ ಗುರುತಿನ ಕಾರ್ಡು ಮಾಡಿಸಲು ಹೋಗಿ ಒಂದು ಫೋಟೋ ತೆಗೆಸಿಕೊಂಡು ಬಂದಳು. ಕಾರ್ಡಿನ ಫೋಟೋ ನಿಮಗೆ ಗೊತ್ತಲ್ಲ? ಅದರಲ್ಲಿ ನಾವೆಲ್ಲರೂ ಆಗತಾನೆ ಕೆಟ್ಟ ಸುದ್ದಿ ಕೇಳಿದವರಂತೆ ಇರುತ್ತೇವೆ. ಅಜ್ಜಿಯ ಮುಖದ ಮೇಲಂತೂ ಬೆಳಕು ನೇರ ಅಪ್ಪಳಿಸಿ, ಸುಕ್ಕುಗಳೆಲ್ಲ ಕರೀ ಗೆರೆಗಳಾಗಿ, ಕಣ್ಣು ಒಳಹೋಗಿ, ನೋಡಿದವರು ಹೆದರುವಂತಾಗಿತ್ತು. ಅವಳು ಕಾರ್ಡನ್ನು ದೂರ ಹಿಡಿದು ನೋಡಿ, ಹತ್ತಿರ ಹಿಡಿದು ನೋಡಿ, "ನಾ ಹಿಂಗ ಅದೀನೇನ?" ಎಂದು ಕೇಳಿದಳು. ಅಂದಿನಿಂದ ಅವಳು ಕನ್ನಡಿ ನೋಡುವುದು ಬಿಟ್ಟಳು. ಯಾರಾದರೂ ಮೊಬೈಲ್ ಎತ್ತಿದರೆ ಸೆರಗು ಮುಖದ ಮೇಲೆ ಎಳೆದುಕೊಳ್ಳತೊಡಗಿದಳು.

ಅಷ್ಟರಲ್ಲಿ ನಮ್ಮ ದೊಡ್ಡಪ್ಪ, ಎಂದರೆ ಅವಳ ಹಿರಿಯ ಮಗ, ತೀರಿಕೊಂಡರು. ದಿನಕರ್ಮದ ಪೂಜೆಗೆ ಫೋಟೋ ಬೇಕಲ್ಲ, ಮನೆಯಲ್ಲಿ ಬೇರೆ ಫೋಟೋ ಇರಲಿಲ್ಲ. ಈಗ ಎಲ್ಲರ ಮನೆಯಲ್ಲೂ ಮಾಡುವಂತೆ ಅವರ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹಾರ ಹಾಕಿ ಪಡಸಾಲೆಯ ಗೋಡೆಗೆ ಏರಿಸಿದರು. ಜೀವನದಲ್ಲಿ ಒಂದು ಇರುವೆಗೂ ಬೈಯದ ದೊಡ್ಡಪ್ಪ ಆ ಫೋಟೋದಲ್ಲಿ ಬಂದವರನ್ನೆಲ್ಲ ದುರುಗುಟ್ಟಿ ನೋಡುತ್ತಾರೆ. ಮಗು ಅತ್ತರೆ ಆ ಫೋಟೋ ತೋರಿಸಿ ಸುಮ್ಮನಾಗಿಸುತ್ತಾರೆ. ಅಜ್ಜಿ ದಿನವೂ ಅದರ ಕೆಳಗೇ ಕುಳಿತು ಜೋಳ ಹಸನು ಮಾಡುತ್ತಾಳೆ. ಒಂದು ದಿನ ನನ್ನ ಕೈ ಹಿಡಿದು, "ನನಗ ಸಾಯಾಕ ಅಂಜಿಕಿಲ್ಲ ಮಗಳs. ಆದ್ರ ನಾ ಸತ್ತ ಮ್ಯಾಲ ಈ ಮಂದಿ ಆ ಕಾರ್ಡಿನ ಮಾರಿ ಗ್ವಾಡಿಗೆ ಹಾಕತಾರ. ಹುಟ್ಟೋ ಕೂಸುಗಳೆಲ್ಲಾ ಅದನ್ನs ನೋಡಿ ಇದು ನಮ್ಮ ಅಜ್ಜಿ ಅಂತಾವ" ಎಂದಳು. ನನಗೆ ನಿದ್ದೆ ಬರಲಿಲ್ಲ. ಹಾಗೆಂದು ಬೇರೆ ಫೋಟೋ ತೆಗೆಸಿಕೊಳ್ಳೋಣ ಎಂದರೆ ಕೇಳುವವಳೇ? "ಮತ್ತ ಹಂಗs ಬಂದ್ರ? ಒಂದು ಸಾಕು" ಎಂದು ಮುಖ ತಿರುಗಿಸುತ್ತಿದ್ದಳು.

ಖಾಲಾ ಕಾರ್ಡಿನ ಫೋಟೋವನ್ನು ನನ್ನ ಮೊಬೈಲಿನಲ್ಲಿ ನೋಡಿದರು. "ಯಾರು ಹೊಡದಾರ ಈ ಮುದುಕಿಗೆ?" ಎಂದರು. ಆ ಭಾನುವಾರವೇ ಹೊರಟೆವು.

ದೇವದುರ್ಗದಲ್ಲಿ ಬಸ್ಸು ಬದಲಿಸುವಾಗ ಬಟ್ಟೆ ಅಂಗಡಿಗೆ ಹೋದೆವು. ಹಳೆಯ ಚಾದರಕ್ಕೆ ಅರಿಶಿನ ಹತ್ತಿತ್ತಲ್ಲ, ಎಷ್ಟು ಒಗೆದರೂ ಹೋಗಿರಲಿಲ್ಲ. "ಇದನ್ನ ಹಿಡದರ ಯವ್ವಗ ಕಾಮಾಲಿ ಬರತದ" ಎಂದು ಖಾಲಾ ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಅಂಗಡಿಯವನು ಬಾಗಿಲಲ್ಲೇ ನಗುನಗುತ್ತ ಬರಮಾಡಿಕೊಂಡ.

"ಬಿಳೇ ಅರಿವಿ ಬೇಕು. ಅಂಚು ಇರಬಾರದು, ಹೂವು ಇರಬಾರದು, ಏನೂ ಇರಬಾರದು. ಒಂದು ಆಳು ಉದ್ದ, ಮ್ಯಾಲ ಒಂದೀಟು" ಎಂದರು ಖಾಲಾ.

ಅವನ ನಗು ಮಾಯವಾಯಿತು. ರೇಡಿಯೋ ಬಂದ್ ಮಾಡಿದ. ದನಿ ತಗ್ಗಿಸಿ, "ಯಾರು ಹೋದರ್ರಿ?" ಎಂದ.

"ಯಾರೂ ಹೋಗಿಲ್ಲ. ಇವರ ಅಜ್ಜಿಗೆ."

"ಹಾಸಿಗಿ ಹಿಡದಾರೇನ್ರಿ?"

"ಇಲ್ಲಪ್ಪ, ಗಟ್ಟಿ ಅದಾಳ. ದಿನಾ ರೊಟ್ಟಿ ಬಡೀತಾಳ."

ಅವನು ನನ್ನ ಕಡೆಗೊಮ್ಮೆ ನೋಡಿದ. ಆ ನೋಟ ಜನ್ಮದಲ್ಲಿ ಮರೆಯಲಾರೆ. ಗಟ್ಟಿಮುಟ್ಟಾದ ಅಜ್ಜಿಗೆ ಮುಂಚಿತವಾಗಿ ಬಟ್ಟೆ ಕೊಳ್ಳುವ ಮೊಮ್ಮಗಳು! ನಾನು "ಫೋಟೋಕ್ಕೆ ರೀ, ಫೋಟೋಕ್ಕೆ" ಎಂದೆ. ಅದರಿಂದ ಅವನ ಸಂಶಯ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಗಂಟು ಕಟ್ಟಿ ಕೊಟ್ಟ. ಎಲ್ಲ ಗಿರಾಕಿಗಳಿಗೂ ಹಿಂದಿನಿಂದ "ಮತ್ತ ಬರ್ರಿ" ಎನ್ನುತ್ತಿದ್ದವನು ನಮಗೆ ಮಾತ್ರ ಅನ್ನಲಿಲ್ಲ. ಹೆಣದ ಬಟ್ಟೆ ಕೊಂಡವರಿಗೆ ಹಾಗನ್ನುವುದಿಲ್ಲವಲ್ಲ.

ಮಸರಕಲ್ಲಿನ ಮನೆಯೊಳಗೆ ಬಂದು ಖಾಲಾ ಅಭ್ಯಾಸದಂತೆ ತಲೆ ಎತ್ತಿದರು. ಮಣ್ಣಿನ ಮಾಳಿಗೆ, ಹೊಗೆ ಕುಡಿದು ಕಪ್ಪಾದ ಜಂತಿಗಳು. ಗೋಡೆಗೆ ಕಡು ನೀಲಿ. ಮೂಲೆಯಲ್ಲಿ ಕರೀ ಕಂಬಳಿಗಳ ರಾಶಿ. ಹಿತ್ತಲಿಗೆ ಹೋಗಿ ಕುರಿದೊಡ್ಡಿ ನೋಡಿದರು, ಮೇಯಲು ಹೋಗದೆ ಉಳಿದ ಮರಿಗಳೂ ಕಪ್ಪು. "ಯಾ ಅಲ್ಲಾ, ಈ ಮನ್ಯಾಗ ಬಿಳೇದು ಅಂಬೋದು ಏನರ ಅದ ಏನ?" ಎಂದರು.

"ನನ್ನ ಕೂದಲ ಅದಾವಲ್ಲ ತಂಗಿ" ಎಂದಳು ಹೊರಸಿನ ಮೇಲೆ ಮಲಗಿದ್ದ ಅಜ್ಜಿ.

ಖಾಲಾ ಅವಳ ಪಕ್ಕ ಕುಳಿತರು. ಇಬ್ಬರೂ ಒಬ್ಬರನ್ನೊಬ್ಬರು ತೂಗಿ ನೋಡಿದರು. ಫೋಟೋ ಎಂಬ ಮಾತು ಬಂದ ಕೂಡಲೇ ಅಜ್ಜಿಯ ಸೆರಗು ಮುಖದ ಮೇಲೆ ಬಂತು.

"ನಾ ಈಗ ತಗಿಯಂಗಿಲ್ಲ ಯವ್ವಾ" ಎಂದರು ಖಾಲಾ. "ಬೆಳಕು ಹೆಂಗ ಬೀಳತದ ಅಂತ ಬರೇ ನೋಡತೀನಿ. ನೀ ಎದ್ದೇಳೋದೂ ಬ್ಯಾಡ. ಹಂಗs ಮಕ್ಕೊಂಡಿರು, ಕಣ್ಣು ಮುಚ್ಚಿಕೋ. ನಾ ಹೇಳೋ ತನಕ ಅಳ್ಳಾಡಬ್ಯಾಡ."

"ಕಣ್ಣು ಮುಚ್ಚಿಕೊಂಡರ ತಗಿಯಂಗಿಲ್ಲಲ್ಲ?"

"ಕಣ್ಣು ಮುಚ್ಚಿದವರ ಫೋಟೋ ಯಾರು ತಗೀತಾರ ಬೇ?"

ಇದು ಅಜ್ಜಿಗೆ ಒಪ್ಪಿತವಾಯಿತು. ಸೆರಗು ಸರಿಸಿ ಗಟ್ಟಿಯಾಗಿ ಕಣ್ಣು ಮುಚ್ಚಿದಳು. ಖಾಲಾ ಹೊಸ ಬಟ್ಟೆಯ ಅರ್ಧ ಅಗಲವನ್ನು ಅವಳ ಪಾದದಿಂದ ಎದೆಯವರೆಗೆ ಹೊದಿಸಿದರು. ಅಲ್ಲಿಂದ ಪುಟಿದ ಬೆಳಕು ಗದ್ದದ ಕೆಳಗಿನ ನೆರಳು ತೆಗೆಯುತ್ತದಂತೆ. ಉಳಿದ ಅಗಲವನ್ನು ನನ್ನ ಕೈಗೆ ಕೊಟ್ಟು ತಲೆದೆಸೆಯ ಒಂದು ಪಕ್ಕ ಎತ್ತಿ ಹಿಡಿಯಲು ಹೇಳಿದರು. ಫ್ಲ್ಯಾಶು ಒತ್ತಿದರೆ ಅದು ಉರಿಯಲಿಲ್ಲ. ಸೆಲ್ಲು ಕೈಕೊಟ್ಟಿದ್ದವು. "ಒಂದೀಟು ಬಿಸಲಿಗೆ ಇಟ್ಟು ತರತೀನಿ" ಎಂದು ಅವರು ಹಿತ್ತಲಾಚೆಯ ಬಯಲಿಗೆ ಹೋದರು.

ಆ ಹೊತ್ತಿಗೇ ಪಕ್ಕದ ಮನೆಯ ಹಂಪಮ್ಮ ಸಾಣಿಗೆ ಕೇಳಲು ಬರಬೇಕೇ?

ಅವಳು ಹೊಸ್ತಿಲಲ್ಲಿ ನಿಂತು ಕಂಡದ್ದೇನು? ಎದೆಯವರೆಗೆ ಹೊಸ ಬಿಳಿ ಬಟ್ಟೆ, ಮುಚ್ಚಿದ ಕಣ್ಣು, ತಲೆದೆಸೆಯಲ್ಲಿ ರಾಯಚೂರಿನಿಂದ ಬಂದ ಮೊಮ್ಮಗಳು. ಬಾಗಿಲಲ್ಲೇ ಕುಸಿದು ಎದೆ ಬಡಿದುಕೊಂಡು ರಾಗ ಎತ್ತಿದಳು. "ಬಿಟ್ಟು ಹೋದ್ಯಾ ಯವ್ವಾ, ಸಂತಿಗೆ ಹೋದರ ನನಗ ಎಲಿ ಅಡಿಕಿ ಮರೀದs ತರಾಕಿ, ಇನ್ನ ಯಾರು ತರತಾರವ್ವಾ..."

"ಸತ್ತಿಲ್ಲ, ಹಂಪಮ್ಮ ಚಿಗವ್ವಾ, ಸತ್ತಿಲ್ಲ" ಎಂದು ನಾನು ಕೂಗಿಕೊಂಡೆ. ಅಷ್ಟು ಹೊತ್ತಿಗೆ ಓಣಿಯ ಹೆಂಗಸರು ಓಡಿ ಬಂದಿದ್ದರು. ಅವರಲ್ಲಿ ಒಬ್ಬಳು ನನ್ನ ಬೆನ್ನು ಸವರಿದಳು. "ಪಾಪ, ಮಮ್ಮಗಳಿಗೆ ತಡಕೊಳ್ಳಾಕ ಆಗವಲ್ದು. ಆಕಿಗೆ ನೀರು ಕೊಡ್ರಿ" ಎಂದಳು. ನಾನು "ಸತ್ತಿಲ್ಲ" ಎಂದಷ್ಟೂ ಅವರ ಅಳು ಜೋರಾಯಿತು. ನನ್ನ ಬಾಯಿಗೆ ಚೊಂಬು ಹಿಡಿದು ನೀರು ಕುಡಿಸಿದರು. ಅಜ್ಜಿ ಮಾತ್ರ ಕದಲಲಿಲ್ಲ. ತಾವು ಹೇಳುವ ತನಕ ಅಲ್ಲಾಡಬಾರದು ಎಂದು ಖಾಲಾ ಹೇಳಿದ್ದರಲ್ಲ! ಜೊತೆಗೆ, ಅವಳ ಮುಖದಲ್ಲಿ ಒಂದು ತೃಪ್ತಿಯೂ ಇತ್ತು ಎಂಬ ಅನುಮಾನ ನನಗಿದೆ. ತಾನು ತರುವ ಎಲೆ ಅಡಿಕೆಯನ್ನೂ ತನ್ನ ಕೈಗುಣವನ್ನೂ ರಾಗವಾಗಿ ಹೊಗಳುವುದನ್ನು ಯಾರು ತಾನೇ ನಡುವೆ ನಿಲ್ಲಿಸುತ್ತಾರೆ?

ಕುರಿ ಬಿಟ್ಟು ಓಡಿ ಬಂದ ಚಿಕ್ಕಪ್ಪ ಕೈಯ ಕೋಲು ಬಿಸಾಕಿ ಕಂಬ ಹಿಡಿದು ಕೂತ. ನಾನು ಜನರನ್ನು ದಾಟಿ ಅವನ ಬಳಿ ಹೋಗುವಷ್ಟರಲ್ಲಿ ಯಾರೋ ಹಿರಿಯರು ಬಾಗಿಲಲ್ಲಿ ನಿಂತು, "ಆಗೋದು ಆತು. ಮುಂದಿನ ಕೆಲಸ ನೋಡ್ರಿ. ಫೋಟೋ ಅದನೋ ಇಲ್ಲೋ?" ಎಂದರು.

"ಕಾರ್ಡಿಂದು ಅದಲ್ಲ, ಅದನ್ನs ದೊಡ್ಡದು ಮಾಡಸಿದರಾತು" ಎಂದಳು ಮೂಗು ಒರೆಸುತ್ತ ಹಂಪಮ್ಮ.

ಬಿಳಿ ಬಟ್ಟೆ ಪಟ್ಟನೆ ಹಾರಿತು. ಅಜ್ಜಿ ನೆಟ್ಟಗೆ ಎದ್ದು ಕುಳಿತಳು.

"ಆ ಫೋಟೋ ಹಾಕಿದರ ಎದ್ದು ಬರತೀನಿ ನೋಡು, ಹಂಪಿ!"

ಹಂಪಮ್ಮ ಕುಳಿತಲ್ಲೇ ಹಿಂದಕ್ಕೆ ಉರುಳಿದಳು. ಕೆಲವರು ಹೊರಗೆ ಓಡಿದರು, ಒಬ್ಬಳು ಯಲ್ಲಮ್ಮನ ಹೆಸರು ಹೇಳಿ ಅಲ್ಲೇ ಕೈಮುಗಿದಳು. ಫೋಟೋ ಕೇಳಿದ ಹಿರಿಯರು ಬೀದಿಯಲ್ಲಿ ಎಷ್ಟು ದೂರ ಹೋಗಿ ನಿಂತರೋ ಗೊತ್ತಿಲ್ಲ. ಚಿಕ್ಕಪ್ಪ ಮಾತ್ರ ಕಂಬ ಬಿಟ್ಟು ಬಂದು ತಾಯಿಯ ಕಾಲನ್ನು ಮುಟ್ಟಿ ಮುಟ್ಟಿ ನೋಡಿದ. ಅದೇ ಹೊತ್ತಿಗೆ ಹಿತ್ತಲ ಬಾಗಿಲಿಂದ ಬಿಸಿ ಸೆಲ್ಲು ಹಿಡಿದು ಬಂದ ಖಾಲಾ, ಮನೆ ತುಂಬ ಜನ ನೋಡಿ, "ಏನಾತು? ಯಾರಿಗೇನಾತು?" ಎಂದರು.

"ನಾ ಸತ್ತಿದ್ದೆ" ಎಂದಳು ಅಜ್ಜಿ. "ತಂಗಿ, ಈಗs ತಗಿ. ಈ ಮಂದಿ ಮ್ಯಾಲ ನನಗ ಇನ್ನ ನಂಬಿಕಿಲ್ಲ. ನಾ ಕಣ್ಣು ಮುಚ್ಚಿ ಇನ್ನೂ ಎಲಿ ಅಡಿಕಿ ಹಾಕ್ಕೊಳ್ಳೋವಷ್ಟು ಹೊತ್ತಾಗಿಲ್ಲ, ಆ ಕಾರ್ಡು ಹುಡಕಾಕ ಹತ್ಯಾರ."

ಖಾಲಾ ತಡಮಾಡಲಿಲ್ಲ. ಅಳಲು ಬಂದ ಹೆಂಗಸರಿಗೆಲ್ಲ ಕೆಲಸ ಹಚ್ಚಿದರು. ನೀಲಿ ಗೋಡೆಗೆ ಅಡ್ಡವಾಗಿ ಬಿಳಿ ಬಟ್ಟೆಯ ಒಂದು ತುದಿಯನ್ನು ಒಬ್ಬಳು ಹಿಡಿದಳು, ಇನ್ನೊಂದು ತುದಿಯನ್ನು ಇನ್ನೊಬ್ಬಳು. ಕೆಳಗಿನ ಮಡಿಕೆಯನ್ನು ಅಜ್ಜಿಯ ಮಡಿಲವರೆಗೆ ಎಳೆದು ಹಿಡಿದವಳು ಹಂಪಮ್ಮ. ಕಣ್ಣೀರು ಆರದ ಮುಖಗಳೆಲ್ಲ ಸುತ್ತ ನಿಂತು ಅಜ್ಜಿಯನ್ನೇ ನೋಡುತ್ತಿದ್ದವು. ಅಜ್ಜಿ ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಖಾಲಾ ಫ್ಲ್ಯಾಶಿನ ಕತ್ತು ತಿರುವಿ ಬೆಳಕನ್ನು ಆ ಬಟ್ಟೆಗೆ ಹೊಡೆದರು. ಸದ್ದಿಲ್ಲದೆ ಅಜ್ಜಿಯ ಮುಖ ಬೆಳಗಿ ಆರಿತು.

ಮುಂದಿನ ಭಾನುವಾರ ಮುದ್ರಿಸಿದ ಫೋಟೋಕ್ಕೆ ಕಟ್ಟು ಹಾಕಿಸಿಕೊಂಡು ಮತ್ತೆ ಮಸರಕಲ್ಲಿಗೆ ಹೋದೆವು. ದಾರಿಯುದ್ದಕ್ಕೂ ಖಾಲಾ ಕಟ್ಟಿನ ಮೇಲಿನ ಕಾಗದ ಬಿಚ್ಚಿ ಬಿಚ್ಚಿ ನೋಡಿದರು. ಅವರೂ ಹೆದರುತ್ತಾರೆ ಎಂದು ನನಗೆ ಅಂದೇ ತಿಳಿದದ್ದು. ಸುಕ್ಕು ಒಂದನ್ನೂ ಅಳಿಸಿರಲಿಲ್ಲ. ಎಲ್ಲ ಇದ್ದವು, ಆದರೆ ಯಾರೋ ಕೈಯಿಂದ ಸವರಿದಂತೆ ಮೆತ್ತಗಾಗಿದ್ದವು. ಒಳಹೋದ ಕಣ್ಣಿನಲ್ಲಿ ಬೆಳಕು ಕುಳಿತಿತ್ತು.

ಅಜ್ಜಿ ಫೋಟೋವನ್ನು ಮಡಿಲಲ್ಲಿ ಇಟ್ಟುಕೊಂಡಳು. ಸೆರಗಿನಿಂದ ಗಾಜು ಒರೆಸಿದಳು. ನೋಡುತ್ತಲೇ ಕುಳಿತಳು. ಹಿಡಿಸಲಿಲ್ಲವೇನೋ ಎಂದುಕೊಂಡೆ. ಖಾಲಾ ತಾಳಲಾರದೆ, "ಹೆಂಗ ಬಂದೀಯವ್ವಾ? ಹೇಳು ಬೇ" ಎಂದರು.

"ಇದು ನಾ ಅಲ್ಲ" ಎಂದಳು ಅಜ್ಜಿ.

ನಾನೂ ಖಾಲಾನೂ ಮುಖ ಮುಖ ನೋಡಿಕೊಂಡೆವು.

"ಇದು ನಮ್ಮವ್ವ."

ಅಜ್ಜಿಯ ತವರು ಮಾನ್ವಿಯ ಹತ್ತಿರದ ಕುರ್ಡಿ. ಅವಳ ತಾಯಿ ತೀರಿಕೊಂಡು ಎಷ್ಟು ವರ್ಷವಾಯಿತೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆ ಕಾಲದಲ್ಲಿ ಕುರಿ ಕಾಯುವವರ ಮನೆಯಲ್ಲಿ ಫೋಟೋ ಎಲ್ಲಿಂದ ಬರಬೇಕು? ಅಜ್ಜಿ ಗಾಜಿನ ಮೇಲೆ ಬೆರಳಾಡಿಸುತ್ತ, "ನಮ್ಮವ್ವನ ದನಿ ನೆಪ್ಪದ. ಸೀರಿ ನೆಪ್ಪದ. ಮಾರಿ ಮಾತ್ರ ಎಷ್ಟು ನೆನಸಿದರೂ ಬರತಿದ್ದಿಲ್ಲ. ಯಾರ ಮುಂದ ಹೇಳಲಿ ಅಂತ ಸುಮ್ಮನಿದ್ದೆ. ಇಲ್ಲೇ ಅದಾಳ ನೋಡು" ಎಂದಳು. ಆಮೇಲೆ ತಲೆ ಎತ್ತಿ ಖಾಲಾರನ್ನು ಕೇಳಿದಳು. "ಎಲ್ಲಿಂದ ಕರಕೊಂಡು ಬಂದಿ ತಂಗಿ ನಮ್ಮವ್ವನ್ನ?"

ಹೆಡ್‌ಮಾಸ್ತರರಿಗೂ ಬೀಗರಿಗೂ ಥಟ್ಟನೆ ಉತ್ತರ ಕೊಡುವ ಖಾಲಾ ಅಜ್ಜಿಯ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

ಅಜ್ಜಿ ಫೋಟೋಕ್ಕೆ ಕುಂಕುಮ ಹಚ್ಚಿದಳು. ಅಂಗಳದಿಂದ ಒಂದು ಚೆಂಡುಹೂವು ತರಿಸಿ ಕಟ್ಟಿನ ಸಂದಿಯಲ್ಲಿ ಸಿಕ್ಕಿಸಿದಳು. ಇಂದೇ ಗೋಡೆಗೆ ಹಾಕಿರಿ ಎಂದಳು. ಚಿಕ್ಕಪ್ಪ ಹೌಹಾರಿದ. "ಯವ್ವಾ, ಬದುಕಿದ್ದವರ ಫೋಟೋಕ್ಕ ಹೂವು ಏರಸ್ತಾರೇನ? ಮಂದಿ ಏನಂದಾರು?"

"ಬದುಕಿದ್ದಾಕಿ ನಾನು, ಇಲ್ಲಿ ಕುಂತೀನಿ. ಆಕಿ ನಮ್ಮವ್ವ" ಎಂದಳು ಅಜ್ಜಿ. ಮತ್ತೆ ಫೋಟೋದ ಕಡೆಗೆ ಬಾಗಿ, ನಾನು ಎಂದೂ ಕೇಳದ ಸಣ್ಣ ದನಿಯಲ್ಲಿ, "ಬಾ ಯವ್ವಾ. ಭಾಳ ದಿನ ಮಾಡಿದಿ" ಎಂದಳು.

ಚಿಕ್ಕಪ್ಪ ಮೊಳೆ ಹುಡುಕಲು ಒಳಗೆ ಹೋದ.